ಬಾಳವ್ವನ ಮೆಂತ್ಯ, ಕುಂಡೆಕುಸ್ಕನ ಬಾಲ

ಲೋಕದ ಮಣ್ಣು ಇನ್ನೂ ಹಸಿಹಸಿಯಾಗಿದ್ದ ಕಾಲ. ಆಗ ಚಳಿರಾಯನಿಗೆ ಹೊತ್ತುಗೊತ್ತು ಅನ್ನೋದೇ ಇರಲಿಲ್ಲ. ಮನಸ್ಸಾದಾಗ ಬರುತ್ತಿದ್ದ, ಬೇಸರವಾದಾಗ ಹೋಗುತ್ತಿದ್ದ. ಮೊದಲೇ ಹೇಳಿ ಕಳಿಸುವ ಮರ್ಯಾದೆಯೂ ಇರಲಿಲ್ಲ ಪುಣ್ಯಾತ್ಮನಿಗೆ!

ಹಳ್ಳದ ದಂಡೆಯಲ್ಲಿ ಬಾಳವ್ವ ಎಂಬ ಅಜ್ಜಿ ಇದ್ದಳು. ಲೋಕದ ಮೆಂತ್ಯದ ಬೀಜವೆಲ್ಲ ಅವಳ ಉಡಿಯಲ್ಲೇ ಇತ್ತು. ರೊಟ್ಟಿಯ ಜೊತೆ ಹಸಿ ಮೆಂತ್ಯದ ಸೊಪ್ಪು ಅಂದರೆ ಅವಳಿಗೆ ಪ್ರಾಣ.

ಮೊದಲ ಸಲ ಬೇಗ ಬಿತ್ತಿದಳು. ಬಿಸಿಲಿಗೆ ಮೊಳಕೆ ಬಾಡಿಹೋಯಿತು. ಎರಡನೆಯ ಸಲ ತಡವಾಗಿ ಬಿತ್ತಿದಳು. ಎಳೆ ಬೇರು ಮಣ್ಣು ಹಿಡಿಯುವ ಮೊದಲೇ ಚಳಿರಾಯ ಬಂದು, ಬಿಳಿ ಮಂಜು ಸುರಿದು ಎಲ್ಲವನ್ನೂ ಸುಟ್ಟುಬಿಟ್ಟ. ಉಳಿದದ್ದು ಒಂದೇ ಹಿಡಿ ಬೀಜ. ಅದೂ ಹೋದರೆ ಲೋಕದಲ್ಲಿ ಮೆಂತ್ಯವೇ ಇಲ್ಲ.

"ಗಾಳಿಯಪ್ಪಾ, ಚಳಿರಾಯ ಯಾವಾಗ ಬರ್ತಾನ?"

"ನಾಳೆ!" ಅಂದಿತು ಗಾಳಿ, ಓಡುತ್ತಲೇ.

"ಹಳ್ಳವ್ವಾ, ನೀನರ ಹೇಳವ್ವ."

"ಈ ವರ್ಷ ಬರೂದೇ ಇಲ್ಲ," ಅಂದಿತು ಹಳ್ಳ.

"ಬಂದು ಹೋದನಲ್ಲ ಅಜ್ಜಿ?" ಅಂದಿತು ಕಾಲಡಿಯ ಇರುವೆ.

ಬಾಳವ್ವನ ತಲೆ ಗಿರ್ರೆಂದಿತು. ಮುಷ್ಟಿ ಬಿಚ್ಚಿದಳು, ಮುಚ್ಚಿದಳು. "ಬಿತ್ತಲೋ, ಬ್ಯಾಡೋ? ಬಿತ್ತಲೋ, ಬ್ಯಾಡೋ?"

ಆಗ ಉತ್ತರದಿಂದ ಹಾರಿ ಬಂದ ಪುಟ್ಟ ಹಕ್ಕಿ ಕುಂಡೆಕುಸ್ಕ ಅವಳ ಮುಂದೆ ಇಳಿಯಿತು. ಅದರ ಬಾಲ ಆಗ ಕಡ್ಡಿಯ ಹಾಗೆ ಅಲ್ಲಾಡದೆ ನೆಟ್ಟಗಿರುತ್ತಿತ್ತು. ಚಳಿರಾಯ ತನ್ನ ಹಿಂದೆಯೇ, ಹದಿನೈದು ದಿನದ ದಾರಿಯಷ್ಟು ದೂರದಲ್ಲಿದ್ದಾನೆ ಎಂದು ಅದಕ್ಕೆ ಗೊತ್ತಿತ್ತು. ಆದರೆ "ಬಾಯಿಬಿಟ್ಟು ಯಾರಿಗೂ ಹೇಳಬಾರದು" ಎಂದು ಅವನು ಅದರಿಂದ ಆಣೆ ಮಾಡಿಸಿಕೊಂಡಿದ್ದ. ಹೇಳಿದರೆ ಆಣೆ ಮುರಿಯುತ್ತದೆ, ಹೇಳದಿದ್ದರೆ ಅಜ್ಜಿಯ ಬೀಜ ಹೋಗುತ್ತದೆ. ಪಾಪ, ಏನು ಮಾಡೀತು! ಬಾಲ ಎತ್ತಿ ಮಣ್ಣಿಗೆ ತಟ್ಟಿತು. ಮತ್ತೆ ಎತ್ತಿತು, ಮತ್ತೆ ತಟ್ಟಿತು.

"ಅಯ್ಯ ನನ್ನ ಕೂಸೇ, ನಡುಗಾಕತ್ತೀಯಲ್ಲ!" ಬಾಳವ್ವ ಸೆರಗು ಹೊದಿಸಿದಳು. ಬಾಲ ನಿಲ್ಲಲಿಲ್ಲ.

"ಹಸಿವೇನ?" ರೊಟ್ಟಿ ಮುರಿದು ಹಾಕಿದಳು. ಹಕ್ಕಿ ಮೂಸಲೂ ಇಲ್ಲ.

"ಹಂಗಾರ ಏನಾಗೇತಿ ನಿನಗ?"

ಹಕ್ಕಿ ನಾಲ್ಕು ಹೆಜ್ಜೆ ಓಡಿತು, ತಟ್ಟಿತು. ಇನ್ನೂ ನಾಲ್ಕು ಹೆಜ್ಜೆ ಓಡಿತು, ತಟ್ಟಿತು. ತಟ್ಟಿದಲ್ಲೆಲ್ಲ ಒಂದೊಂದು ಕಾಳು ಕೂರುವಷ್ಟು ಕುಳಿ ಬಿತ್ತು. ಬಾಳವ್ವ ಕುಳಿ ನೋಡಿದಳು, ತನ್ನ ಮುಷ್ಟಿ ನೋಡಿದಳು.

"ಯವ್ವಾ! ಈಗ ಹಾಕು ಅಂತೀಯಾ?"

ಕುಳಿಗೊಂದು ಕಾಳಿನಂತೆ ಕಡೆಯ ಹಿಡಿಯನ್ನು ಬಿತ್ತಿಯೇಬಿಟ್ಟಳು.

ಹದಿನೈದು ದಿನಕ್ಕೆ ಚಳಿರಾಯ ಬಂದ. ಮಂಜು ಸುರಿದ. ಮೆಂತ್ಯ ಅಷ್ಟರಲ್ಲಿ ಗಟ್ಟಿಯಾಗಿ ಬೇರು ಬಿಟ್ಟಿತ್ತು. ಬೆಳಗ್ಗೆ ಮಂಜು ಕೊಡವಿಕೊಂಡು ಹಸಿರಾಗಿ ಎದ್ದು ನಿಂತಿತು.

"ಯಾರು ಬಾಯಿಬಿಟ್ಟವರು?" ಎಂದು ಚಳಿರಾಯ ಗುಡುಗಿದ.

"ಯಾರೂ ಬಿಟ್ಟಿಲ್ಲಪ್ಪಾ," ಅಂದಳು ಬಾಳವ್ವ, ಬಾಯಿತುಂಬ ಸೊಪ್ಪು ಅಗಿಯುತ್ತಾ.

ಅದಕ್ಕೇ ಮಗಾ, ಚಳಿಗಾಲ ಹತ್ತಿರ ಬಂದಾಗ ಕುಂಡೆಕುಸ್ಕ ಇಂದಿಗೂ ನಮ್ಮ ಹೊಲದಲ್ಲಿ ಓಡಾಡಿ ಬಾಲ ಕುಣಿಸುತ್ತದೆ. ಅಜ್ಜಿಗೆ ತಿಳಿಯಿತೋ ಇಲ್ಲವೋ ಎಂಬ ಅನುಮಾನ ಅದಕ್ಕೆ ಇನ್ನೂ ಹೋಗಿಲ್ಲ.