ಎರಡು ದೋಣಿಗಳ ನಾಡು

ಲುಂಗೆಲೊ ಆಶ್ರಮಕ್ಕೆ ಬಂದಾಗ ಗುರು ಚನ್ನವೀರಯ್ಯನವರು ಬೆಂಡೆಗಿಡಗಳಿಗೆ ನೀರು ಹಾಕುತ್ತಿದ್ದರು.

"ಕೂತ್ಕೋ," ಎಂದರು.

ಅವನು ಕೂರಲಿಲ್ಲ. ಅಂಗಳದ ಈ ತುದಿಯಿಂದ ಆ ತುದಿಗೆ ನಡೆದ. ಮತ್ತೆ ತಿರುಗಿ ಬಂದ.

"ಊಟ ಆಯ್ತಾ?"

"ಊಟ ಸೇರೋ ದಿನವಾ ಇದು, ಗುರುಗಳೇ?"

ಸಮುದ್ರದಾಚೆಯ ನಾಡು ಅದು. ತೊಗಲಿನ ಬಣ್ಣ ನೋಡಿ ಬೆಂಚು, ಬಾಗಿಲು, ಆಸ್ಪತ್ರೆ, ಸ್ಮಶಾನ ಎಲ್ಲವನ್ನೂ ಬೇರೆ ಬೇರೆ ಮಾಡಿಟ್ಟಿದ್ದ ನಾಡು. ನದಿ ದಾಟುವುದಕ್ಕೂ ಅಲ್ಲಿ ಎರಡು ದೋಣಿ. ಬಿಳಿಯರ ದೋಣಿ ಗಂಟೆಗೊಮ್ಮೆ ಹೊರಡುತ್ತಿತ್ತು. ಕರಿಯರದು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ಗುರುಗಳ ಅಜ್ಜ ಕಬ್ಬಿನ ತೋಟದ ಕೂಲಿಗೆಂದು ಇಲ್ಲಿಂದ ಹಡಗು ಹತ್ತಿ ಅಲ್ಲಿಗೆ ಬಂದವರು. ಎಲ್ಲ ಬಣ್ಣದ ಮಕ್ಕಳನ್ನೂ ಒಂದೇ ಚಾಪೆಯ ಮೇಲೆ ಕೂರಿಸಿ ಅಕ್ಷರ ಕಲಿಸಿದ್ದಕ್ಕೆ ಗುರುಗಳ ಶಾಲೆಗೆ ಎರಡು ಸಲ ಬೀಗ ಬಿದ್ದಿತ್ತು. ಆ ಚಾಪೆಯ ಮೇಲೆ ಕಲಿತವನೇ ಲುಂಗೆಲೊ. ದೊಡ್ಡವನಾಗಿ ಆ ಬಣ್ಣದ ಕಾನೂನಿನ ವಿರುದ್ಧ ಜನರನ್ನು ಎಬ್ಬಿಸಿದ. ಹದಿಮೂರು ವರ್ಷ ಜೈಲಿನಲ್ಲಿ ಕಲ್ಲು ಒಡೆದ.

ಹೋದ ತಿಂಗಳು ಕಾನೂನು ಬಿತ್ತು. ಇನ್ನು ಮೂರು ವಾರಕ್ಕೆ ಚುನಾವಣೆ. ನಾಡನ್ನು ಆಳುವವನು ಲುಂಗೆಲೊನೇ ಎಂದು ಎಲ್ಲರಿಗೂ ಗೊತ್ತಿತ್ತು.

"ದಡದಲ್ಲಿ ನಮ್ಮವರು ಅಡ್ಡ ನಿಂತಿದ್ದಾರೆ," ಎಂದ. "ಬೆಳಿಗ್ಗೆಯಿಂದ ಒಬ್ಬ ಬಿಳಿಯನನ್ನೂ ದೋಣಿ ಹತ್ತೋಕೆ ಬಿಟ್ಟಿಲ್ಲ. ನಾನು ಹೋಗಿ 'ಸರಿ' ಅನ್ನಬೇಕಂತೆ."

"ಬೇಡ ಅನ್ನು."

"ಬಾಯಿಗೆ ಬರ್ತಿಲ್ಲ."

"ಯಾಕೆ?"

ಲುಂಗೆಲೊ ನಿಂತ. "'ಸರಿ' ಅನ್ನೋಕೆ ಮನಸ್ಸು ಹಾತೊರೀತಿದೆ, ಅದಕ್ಕೆ. ಒಂದೇ ನಾಡು, ಒಂದೇ ಜನ ಅಂತ ಊರೂರಲ್ಲಿ ಕೂಗಿದವನು ನಾನು. ಇವತ್ತು ಆ ಮಾತು ಯಾರೋ ಬೇರೆಯವರು ಆಡಿದ ಹಾಗಿದೆ. ತಾಂಡೆಕಾ ಆ ದಡದಲ್ಲೇ ಸತ್ತಳು, ಗುರುಗಳೇ."

ಗುರುಗಳಿಗೆ ಅದು ಗೊತ್ತಿತ್ತು. ತಾಂಡೆಕಾ ಅವನ ಹೆಂಡತಿ. ಹೆರಿಗೆ ನೋವಿನಲ್ಲಿದ್ದವಳನ್ನು ಅವನು ಹೊತ್ತುಕೊಂಡೇ ದಡಕ್ಕೆ ತಂದಿದ್ದ. ಆಸ್ಪತ್ರೆ ಆಚೆ ದಡದಲ್ಲಿತ್ತು. ಬಿಳಿಯರ ದೋಣಿ ಖಾಲಿ ನಿಂತಿತ್ತು. ಚೀಟಿ ಕೊಡುವ ಗುಮಾಸ್ತ ತಲೆಯೆತ್ತದೆ, "ನಿಮ್ಮ ದೋಣಿ ಸಂಜೆಗೆ," ಎಂದಿದ್ದ. ಸಂಜೆಯವರೆಗೆ ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ.

ಗುರುಗಳು ಕೊಡ ಕೆಳಗಿಟ್ಟು ಕೋಲು ತಗೊಂಡರು.

"ನಡಿ."

"ಕಾರಿದೆ, ಗುರುಗಳೇ."

"ಕಾರಲ್ಲಿ ಹೋದರೆ ಬೇಗ ತಲುಪಿಬಿಡ್ತೀಯ."

ನಡೆದರು. ಗುರುಗಳದು ಎಂಬತ್ತು ದಾಟಿದ ಕಾಲು. ಲುಂಗೆಲೊ ನಾಲ್ಕು ಮಾರು ಮುಂದೆ ಹೋಗುತ್ತಿದ್ದ, ಹಿಂದೆ ಬರುತ್ತಿದ್ದ, ಮತ್ತೆ ಮುಂದೆ ಹೋಗುತ್ತಿದ್ದ.

ದಡದಲ್ಲಿ ಮುನ್ನೂರು ಜನ ಇದ್ದರು. ಹೊಸ ಹಲಗೆಯೊಂದನ್ನು ಗೂಟಕ್ಕೆ ಹೊಡೆದಿದ್ದರು. 'ಬಿಳಿಯರಿಗೆ ಪ್ರವೇಶವಿಲ್ಲ.' ಬಣ್ಣ ಇನ್ನೂ ಆರಿರಲಿಲ್ಲ. ಪಕ್ಕದ ತಗಡಿನ ಚಪ್ಪರದಡಿ ಏಳೆಂಟು ಬಿಳಿಯರು ಮುಖ ತಗ್ಗಿಸಿ ಕೂತಿದ್ದರು.

ಲುಂಗೆಲೊನ ಜೊತೆ ಒಂದೇ ಕೋಣೆಯಲ್ಲಿ ಹತ್ತು ವರ್ಷ ಜೈಲು ಕಂಡಿದ್ದ ಥುಲಾನಿ ಮುಂದೆ ಬಂದು ಗುರುಗಳ ಕೈ ಹಿಡಿದ. "ಬನ್ನಿ ಗುರುಗಳೇ, ಮೊದಲು ನೀವು ಹತ್ತಿ."

"ನಾನು ಹತ್ತಬಹುದಾ? ಹಳೇ ಕಾನೂನಲ್ಲಿ ನನ್ನ ಬಣ್ಣ ಯಾವುದು ಅಂತ ತೀರ್ಮಾನ ಮಾಡೋಕೆ ಅಧಿಕಾರಿಗಳಿಗೆ ಅರ್ಧ ಗಂಟೆ ಹಿಡೀತಿತ್ತು. ನಿನಗೆಷ್ಟು ಹೊತ್ತು ಬೇಕು?"

ಥುಲಾನಿಯ ಮುಖ ಬಿಗಿಯಿತು. ಗುರುಗಳು ಕೈ ಬಿಡಿಸಿಕೊಂಡು ಚಪ್ಪರದ ಕೆಳಗೆ ಹೋದರು. ಆ ಬಿಳಿಯರ ನಡುವೆ ನೆಲದ ಮೇಲೆ ಕೂತರು.

ಅವರನ್ನು ಎಬ್ಬಿಸಲು ಹೋದ ಲುಂಗೆಲೊ ಅಲ್ಲೇ ನಿಂತುಬಿಟ್ಟ. ಗುರುಗಳ ಮಗ್ಗುಲಿಗೆ ಬ್ರೆಡ್ಡಿನ ಚೀಲ ಹಿಡಿದು ಕೂತಿದ್ದವನು ಆ ಗುಮಾಸ್ತ, ಕಾರ್ನೆಲಿಸ್. ಕೂದಲು ಉದುರಿತ್ತು, ಬೆನ್ನು ಬಾಗಿತ್ತು. ಆದರೂ ಅವನೇ.

"ನನ್ನ ಗುರುತು ಸಿಕ್ತಾ?" ಲುಂಗೆಲೊ ಕೇಳಿದ.

"ನಿಮ್ಮನ್ನು ಯಾರಿಗೆ ಗೊತ್ತಿಲ್ಲ? ಪೇಪರಿನಲ್ಲಿ ನೋಡಿದ್ದೇನೆ."

"ಅದಲ್ಲ. ಹದಿನಾರು ವರ್ಷದ ಹಿಂದೆ, ಇದೇ ದಡದಲ್ಲಿ. ನನ್ನ ಕೈಯಲ್ಲಿ ಬಸುರಿ ಹೆಂಡತಿ ಇದ್ದಳು."

ಮುದುಕ ಬಹಳ ಹೊತ್ತು ಅವನ ಮುಖ ನೋಡಿದ.

"ಇಲ್ಲ," ಎಂದ. "ತುಂಬ ಜನರನ್ನು ಹಿಂದಕ್ಕೆ ಕಳಿಸಿದ್ದೇನೆ. ಯಾರ ಮುಖವೂ ನೆನಪಿಲ್ಲ."

ಲುಂಗೆಲೊ ಹದಿನಾರು ವರ್ಷ ಎದೆಯಲ್ಲಿ ಕೆಂಡ ಇಟ್ಟುಕೊಂಡು ಬದುಕಿದ್ದ. ಅದನ್ನು ಅಲ್ಲಿಟ್ಟವನಿಗೆ ನೆನಪೇ ಇಲ್ಲ! ಕೈ ತಾನಾಗಿ ಮುಷ್ಟಿಯಾಯಿತು. ಹಿಂದೆ ಮುನ್ನೂರು ಜನ ಅವನನ್ನೇ ನೋಡುತ್ತ ನಿಂತಿದ್ದರು. ಅವನು ಗುರುಗಳ ಕಡೆ ನೋಡಿದ. ಅವರು ನದಿ ನೋಡುತ್ತಿದ್ದರು.

"ಈಗ ಎಲ್ಲಿಗೆ ಹೋಗ್ಬೇಕು ನೀವು?" ಎಂದು ಕಾರ್ನೆಲಿಸ್‌ನನ್ನು ಕೇಳಿದ.

"ಮನೆಗೆ."

ಲುಂಗೆಲೊ ಗೂಟದ ಹತ್ತಿರ ಹೋದ. ಎರಡೂ ಕೈಯಲ್ಲಿ ಹಲಗೆ ಹಿಡಿದು ಜಗ್ಗಿದ. ಮೊಳೆ ಕಿತ್ತು ಬಂತು. ಅಂಗೈಗೆಲ್ಲ ಹಸಿ ಬಣ್ಣ ಮೆತ್ತಿಕೊಂಡಿತು.

"ನನ್ನ ಹೆಂಡತಿ ಈ ಜಾಗದಲ್ಲಿ ಸತ್ತಳು," ಎಂದು ಜನರಿಗೆ ಹೇಳಿದ. "ಅವಳು ಸತ್ತಿದ್ದು ಆ ಮುದುಕ ಕೆಟ್ಟವನು ಅಂತಲ್ಲ. ದೋಣಿ ಎರಡಿದ್ದವು ಅಂತ. ಇನ್ನು ಮುಂದೆ ಇಲ್ಲಿ ಎರಡು ದೋಣಿ ಇರಲ್ಲ. ನನ್ನನ್ನು ಆರಿಸ್ತೀರೋ ಬಿಡ್ತೀರೋ, ಅದು ನಿಮಗೆ ಬಿಟ್ಟಿದ್ದು."

ಯಾರೂ ಜೈಕಾರ ಹಾಕಲಿಲ್ಲ. ಒಬ್ಬಳು ಮುದುಕಿ ನೆಲಕ್ಕೆ ಉಗಿದು ಹೊರಟುಹೋದಳು. ಥುಲಾನಿ ಅಂಗಿಯ ಮೇಲಿದ್ದ ಪಕ್ಷದ ಬಿಲ್ಲೆ ಕಿತ್ತು ಲುಂಗೆಲೊನ ಕಾಲ ಬಳಿ ಎಸೆದ.

"ನನ್ನ ತಮ್ಮನನ್ನೂ ಕೊಂದವರು ಇವರು," ಎಂದ. "ನಾಯಕ ಆಗೋದಕ್ಕೆ ನಮ್ಮ ಹೆಣಗಳನ್ನೂ ಮರೆತೆಯಾ?"

ಥುಲಾನಿ ದಡ ಹತ್ತಿ ಹೋದ. ಅವನ ಹಿಂದೆ ಅರ್ಧಕ್ಕರ್ಧ ಜನ ಹೋದರು. ಉಳಿದವರು ಗೊಣಗುತ್ತ, ಒಬ್ಬರ ಮುಖ ಒಬ್ಬರು ನೋಡದೆ, ದೋಣಿ ಹತ್ತಿದರು. ಬಿಳಿಯರೂ ಹೆದರಿಕೆಯಿಂದಲೇ ಹತ್ತಿದರು.

ಲುಂಗೆಲೊ ಗುರುಗಳ ಪಕ್ಕದಲ್ಲಿ ಕೂತ. ಕೊನೆಗೆ ಬಂದ ಕಾರ್ನೆಲಿಸ್ ಕೂರಲು ಜಾಗವಿಲ್ಲದೆ ಚೀಲ ಹಿಡಿದು ನಿಂತೇ ಇದ್ದ. ದೋಣಿ ಹೊರಟಿತು, ಮುದುಕ ಓಲಾಡಿದ.

"ಸ್ವಲ್ಪ ಸರಿದು ಕೂತ್ಕೋ," ಎಂದರು ಗುರುಗಳು.

ಲುಂಗೆಲೊ ಅಲುಗಾಡಲಿಲ್ಲ.

"ನನ್ನ ಒಳಗೆ ಏನೂ ತಣ್ಣಗಾಗಿಲ್ಲ, ಗುರುಗಳೇ. ದಡದ ಮೇಲೆ ದೊಡ್ಡ ಮಾತಾಡಿಬಿಟ್ಟೆ. ಥುಲಾನಿಯನ್ನು ಕಳಕೊಂಡೆ. ಆದರೆ ಈ ಮನುಷ್ಯನನ್ನು ಕ್ಷಮಿಸೋಕೆ ನನ್ನಿಂದ ಆಗ್ತಿಲ್ಲ. ಯಾವತ್ತೂ ಆಗಲ್ಲವೇನೋ."

ಗುರುಗಳು ಅವನ ತೊಡೆಯ ಮೇಲೆ ಕೈಯಿಟ್ಟರು.

"ಕ್ಷಮಿಸು ಅಂತ ನಾನೆಲ್ಲಿ ಹೇಳಿದೆ, ಮಗಾ? ಸರಿದು ಕೂತ್ಕೋ ಅಂದೆ, ಅಷ್ಟೇ."