ಬುಗ್ಗೆಯ ನೀರು

ತಾಂಡೇಲ ಮಾಸ್ತರರು ನಲವತ್ತು ವರ್ಷ ಸಮುದ್ರದ ನೀರಿನ ರಸಾಯನಶಾಸ್ತ್ರ ಕಲಿಸಿದವರು. ಈಗ ಹೊಳೆ ಕಡಲು ಸೇರುವಲ್ಲಿ ಒಂದು ಸಣ್ಣ ಮನೆಯಲ್ಲಿದ್ದರು.

ಒಂದು ಬೆಳಿಗ್ಗೆ ಶಿಷ್ಯೆ ಸುಗಂಧಿ ಬಂದಳು. ಆಳಸಮುದ್ರದ ಬಿಸಿಬುಗ್ಗೆಯಿಂದ ನೀರು ತಂದವಳೆಂದು ಎರಡು ವರ್ಷದಿಂದ ಅವಳಿಗೆ ದೊಡ್ಡ ಹೆಸರು.

“ಒಂದು ತಪ್ಪು ಹೇಳಿಕೊಳ್ಳಬೇಕು ಸರ್.”

“ಹೇಳು.”

“ಬುಗ್ಗೆಯ ನೀರಲ್ಲಿ ಮೆಗ್ನೀಸಿಯಮ್ ಸೊನ್ನೆ ಅಂತ ಬರೆದೆ. ಸೊನ್ನೆ ಇರಲಿಲ್ಲ.”

ಆ ಸೊನ್ನೆಯ ಅರ್ಥವನ್ನು ಅವಳಿಗೆ ಕಲಿಸಿದವರು ಮಾಸ್ತರರೇ. ಕಡಲ ನೀರು ತಳದ ಬಿರುಕುಗಳಲ್ಲಿ ಇಳಿಯುತ್ತದೆ. ಸುಡುವ ಕಲ್ಲಿಗೆ ತನ್ನ ಮೆಗ್ನೀಸಿಯಮ್ ಬಿಟ್ಟುಕೊಟ್ಟು, ಕಪ್ಪು ಹೊಗೆಯ ಹಾಗೆ ಮೇಲೇಳುತ್ತದೆ. ಅಪ್ಪಟ ಬುಗ್ಗೆನೀರಿನಲ್ಲಿ ಅದು ಉಳಿದಿರುವುದಿಲ್ಲ. ಇದ್ದರೆ, ಸುತ್ತಲಿನ ಕಡಲನೀರು ಬೆರೆತಿದೆ ಎಂದೇ ಅರ್ಥ.

“ಎಷ್ಟು ಬೆರೆತಿತ್ತು?”

“ಅರ್ಧಕ್ಕರ್ಧ. ಬಾಟಲಿಯ ಮುಚ್ಚಳ ಸರಿ ಕೂತಿರಲಿಲ್ಲ. ಇನ್ನೊಮ್ಮೆ ಹಡಗು ಹತ್ತಿಸುವುದಿಲ್ಲ ಅಂತ ಹೆದರಿದೆ.”

“ಅಳೆದವರು ಯಾರು?”

“ಹೊನ್ನಪ್ಪ.”

ಹೊನ್ನಪ್ಪನೂ ಮಾಸ್ತರರ ಶಿಷ್ಯನೇ.

“ಅವನಿಗೇನು ಹೇಳಿದೆ?”

“ನಿನಗೆ ಅಳೆಯಲು ಬರುವುದಿಲ್ಲ ಅಂದೆ. ಎಲ್ಲರೆದುರೇ ಅಂದೆ. ಅವನು ಕೆಲಸ ಬಿಟ್ಟು ಹೋದ.”

ಮಾಸ್ತರರು ಎದ್ದು ಅವಳ ಪ್ರಬಂಧದ ಪ್ರತಿ ತಂದರು. ಪಟ್ಟಿಯಲ್ಲಿ ಮೆಗ್ನೀಸಿಯಮ್‌ನ ಕೆಳಗಿನ ಸಾಲಿಗೆ ಬೆರಳಿಟ್ಟರು.

“ಸಲ್ಫೇಟ್ ಎಷ್ಟಿದೆ, ಓದು.”

ಅವಳು ಓದಿದಳು. ಮುಖ ಕಪ್ಪಿಟ್ಟಿತು. ಬಿಸಿಕಲ್ಲಿನ ನಡುವೆ ನೀರು ಸಲ್ಫೇಟನ್ನೂ ಬಿಟ್ಟು ಬರುತ್ತದೆ. ಒಂದು ಸೊನ್ನೆಯಾದರೆ ಇನ್ನೊಂದೂ ಹೆಚ್ಚುಕಡಿಮೆ ಸೊನ್ನೆಯಾಗಬೇಕು. ಅವಳು ಒಂದನ್ನು ತಿದ್ದಿ ಇನ್ನೊಂದನ್ನು ಮರೆತಿದ್ದಳು.

“ಇದನ್ನು ಯಾವಾಗ ನೋಡಿದಿರಿ ಸರ್?”

“ಅಚ್ಚಿಗೆ ಮೊದಲು. ನೀನು ನನಗೆ ಕಳಿಸಿದ ದಿನವೇ.”

“ಮತ್ತೆ ಯಾಕೆ ಹೇಳಲಿಲ್ಲ?”

“ತಾಂಡೇಲರ ಶಿಷ್ಯೆ ಗೆದ್ದಳು ಅಂತ ನಾಲ್ಕು ಜನ ಹೇಳುವುದನ್ನು ಕೇಳುವ ಆಸೆಯಿತ್ತು.”

ಆಮೇಲೆ ಪ್ರಬಂಧ ಅಚ್ಚಾದ ಪತ್ರಿಕೆಗೆ ತಿದ್ದುಪಡಿಯ ಕಾಗದ ಬರೆದು ಇಬ್ಬರೂ ಸಹಿ ಹಾಕಿದರು. ದೋಣಿ ಹತ್ತಿ ಹೊಳೆಯಾಚೆ ಹೋದರು. ಅಲ್ಲಿನ ಉಪ್ಪಿನ ಗದ್ದೆಯಲ್ಲಿ ಹೊನ್ನಪ್ಪ ಉಪ್ಪು ಪರೀಕ್ಷಿಸುವ ಕೆಲಸದಲ್ಲಿದ್ದ.

ಸುಗಂಧಿ ನಿಂತೇ ಎಲ್ಲ ಹೇಳಿದಳು. ಮಾಸ್ತರರು ತಮ್ಮ ಪಾಲಿನದನ್ನು ಹೇಳಿದರು.

“ಹಾಗಾದರೆ ನನ್ನ ಅಳತೆ ಸರಿ ಇತ್ತಾ?” ಹೊನ್ನಪ್ಪ ಕೇಳಿದ.

“ಸರಿ ಇತ್ತು,” ಎಂದಳು ಸುಗಂಧಿ.

“ನಾನು ತಪ್ಪಿದೆ ಅಂತಲೇ ನಂಬಿದ್ದೆ. ಇಲ್ಲಿ ಒಂದೊಂದನ್ನೂ ಮೂರು ಮೂರು ಸಲ ಅಳೆಯುತ್ತೇನೆ. ಆದರೂ ಧೈರ್ಯ ಸಾಲುವುದಿಲ್ಲ.”

“ಮತ್ತೆ ಪ್ರಯೋಗಾಲಯಕ್ಕೆ ಬಾ. ನಾನು ಹೇಳುತ್ತೇನೆ ಅಲ್ಲಿನವರಿಗೆ,” ಎಂದು ಸುಗಂಧಿ ಕರೆದಳು.

“ಬೇಡ.”

ಕುಡಿಯಲು ಇಬ್ಬರಿಗೂ ನೀರು ಕೊಟ್ಟ. ಬಿಸಿಲೇರುವ ಮೊದಲು ಹೊರಡಿ ಎಂದು ಹೇಳಿ ತನ್ನ ಕೆಲಸಕ್ಕೆ ತಿರುಗಿದ.

ದೋಣಿಯಲ್ಲಿ ಸುಗಂಧಿ ಅತ್ತಳು.

“ಅವನು ಒಂದು ಮಾತು ಬೈದಿದ್ದರೂ ಸಾಕಿತ್ತು ಸರ್.”

ಮಾಸ್ತರರು ಅವಳ ಕಡೆ ನೋಡಲಿಲ್ಲ.

“ಬೈಯಬೇಕಾದರೆ ನಾವು ಅವನವರಾಗಿ ಉಳಿದಿರಬೇಕಿತ್ತು.”