ಉದಿಮರಕ್ಕೆ ಏರಿಸಿದ ಏಳು ಹುಳು

"ನಾನು ಕಂಡ ಚಂದ್ರ ಪತಂಗ ಮೊರದಗಲ ಇತ್ತು," ಅಂದರು ಅಡವಯ್ಯಜ್ಜ. "ಅದು ರೆಕ್ಕೆ ಬಡಿದದ್ದೇ ತಡ, ನಮ್ಮ ಗುರುಗಳ ಹಣತೆ ಪುಸಕ್ಕನೆ ಆರಿಹೋಯ್ತು. ಕಂಡವರು ನಾಲ್ಕು ಜನ. ಮೂವರು ತೀರಿಕೊಂಡರು. ಉಳಿದವನು ನಾನು."

ಶಿಷ್ಯ ಸೋಮಲಿಂಗ ನಗಲಿಲ್ಲ. ಹೊಳೆದಂಡೆಯ ಆ ಆಶ್ರಮಕ್ಕೆ ಅವನು ಬಂದು ಆರು ವರ್ಷ. ಅಷ್ಟರಲ್ಲಿ ಅಜ್ಜನ ಬಾಯಲ್ಲಿ ಆ ಪತಂಗ ಅಂಗೈಯಗಲದಿಂದ ಮೊರದಗಲಕ್ಕೆ ಬೆಳೆದಿತ್ತು. ಬೆಳೆಯದೆ ಉಳಿದವನು ತಾನೊಬ್ಬನೇ ಅನ್ನಿಸಿತ್ತು ಅವನಿಗೆ.

ಜತೆಯಲ್ಲೇ ಬಂದಿದ್ದ ಚಿದಾನಂದ ಆಚೆ ದಡದ ಮಠ ಸೇರಿ ಎರಡು ವರ್ಷಕ್ಕೇ ಪ್ರವಚನ ಹೇಳುತ್ತಿದ್ದ. "ಹುಣ್ಣಿಮೆಯೊಳಗೆ ಬಂದರೆ ನಮ್ಮ ಗುರುಗಳು ನಿನ್ನನ್ನೂ ಸೇರಿಸಿಕೊಳ್ಳುತ್ತಾರೆ" ಎಂದು ಹೇಳಿಕಳಿಸಿದ್ದ. ಹುಣ್ಣಿಮೆಗೆ ನಾಲ್ಕೇ ದಿನ.

"ಅಜ್ಜಾರೇ, ನಾನು ಬೆಳೀತಿಲ್ಲ. ನಾನೇ ದಡ್ಡನೋ, ಇಲ್ಲಾ..."

"ಇಲ್ಲಾ ನಾನು ದಡ್ಡನೋ? ಮಾತು ನುಂಗಬೇಡಪ್ಪ, ಕೇಳು."



ಅಜ್ಜ ಅವನನ್ನು ಹಿತ್ತಿಲಿಗೆ ಕರೆದೊಯ್ದರು. ಬೇಲಿಸಾಲಿನ ಉದಿಮರದಲ್ಲಿ ಚಂದ್ರ ಪತಂಗದ ಹೆಬ್ಬೆರಳು ಗಾತ್ರದ ಹಸಿರು ಹುಳುಗಳು ಕರಕರ ಎಲೆ ಮೇಯುತ್ತಿದ್ದವು. ಪಕ್ಕದ ಮತ್ತಿಮರದಲ್ಲಿ ಏಳು ಹುಳು, ಕಿರುಬೆರಳಿನಷ್ಟೂ ಇಲ್ಲ.

"ಒಂದೇ ತಾಯಿಯ ಮೊಟ್ಟೆ. ಒಂದೇ ದಿನ ಒಡೆದವು. ಅರ್ಧ ಇಲ್ಲಿಟ್ಟೆ, ಅರ್ಧ ಅಲ್ಲಿಟ್ಟೆ. ಇದರಲ್ಲಿ ದಡ್ಡ ಯಾವುದು?"

"ಯಾವುದೂ ಅಲ್ಲ. ಮರ ಬೇರೆ."

"ಪತಂಗವಾದ ಮೇಲೆ ಇವಕ್ಕೆ ಬಾಯೇ ಇರಲ್ಲ, ಗೊತ್ತಾ? ಈಗ ತಿಂದದ್ದೇ ಬುತ್ತಿ."

ಅಷ್ಟು ಹೇಳಿ ಅಜ್ಜ ಸ್ನಾನಕ್ಕೆ ಹೊರಟುಹೋದರು.

ತಾನೂ ಮರ ಬದಲಿಸಬೇಕು ಅನ್ನಿಸಿತು ಸೋಮಲಿಂಗನಿಗೆ. ಉತ್ತರ ಸಿಕ್ಕಿತು ಅಂದುಕೊಂಡ. ಮತ್ತಿಯ ಮೇಲಿನ ಏಳು ಹುಳುಗಳನ್ನು ಒಂದೊಂದಾಗಿ ಬಿಡಿಸಿದ. ಹೊಸ ಮಠ ಸೇರುವವರಿಗೆ ಮಾಡುವಂತೆ ಒಂದೊಂದರ ಮೇಲೂ ಚಿಟಿಕೆ ವಿಭೂತಿ ಉದುರಿಸಿ ಉದಿಮರಕ್ಕೆ ಏರಿಸಿದ.

ಹುಣ್ಣಿಮೆಯ ದಿನ ಬೆಳಿಗ್ಗೆ ಗಂಟು ಕಟ್ಟಿಕೊಂಡು, ಹುಳುಗಳಿಗೆ ಹೇಳಿಹೋಗೋಣವೆಂದು ಹಿತ್ತಿಲಿಗೆ ಬಂದ. ಬುಡದಲ್ಲಿ ಆರು ಹುಳು ಒಣಗಿ ಬಿದ್ದಿದ್ದವು. ಅವನ್ನು ಬಿಟ್ಟಿದ್ದ ಕೊಂಬೆಯ ಎಲೆಗಳಲ್ಲಿ ಹಲ್ಲಿನ ಗುರುತೂ ಇರಲಿಲ್ಲ.

ಅವನು ಅವನ್ನು ಬೊಗಸೆಯಲ್ಲಿ ಹಿಡಿದು ಓಡಿದ. ಅಜ್ಜ ಹೊಳೆಯ ಮೆಟ್ಟಿಲಲ್ಲಿ ಕೂತಿದ್ದರು. ಮುದಿ ಅಂಬಿಗ ದುರುಗಪ್ಪ ಆಗಲೇ ದೋಣಿ ತಂದು ಕಾಯುತ್ತಿದ್ದ.

"ಒಳ್ಳೆ ಎಲೆ ಕೊಟ್ಟೆ ಅಜ್ಜಾರೇ! ಮುಟ್ಟಲೇ ಇಲ್ಲ."

ಅಜ್ಜ ಬಾಗಿ ನೋಡಿದರು. "ವಿಭೂತಿ ಬೇರೆ ಹಚ್ಚಿದ್ದೀಯಾ! ಲಿಂಗ ಕಟ್ಟೋದೊಂದು ಬಾಕಿ."

"ವಿಭೂತಿಯಿಂದ ಸತ್ತವೋ, ಎಲೆ ಒಲ್ಲದೆ ಸತ್ತವೋ?"

"ನನ್ನನ್ನೇನು ಕೇಳ್ತೀಯ? ಏರಿಸುವಾಗ ಅವನ್ನ ಕೇಳಿದ್ದೆಯಾ?"

"ಹಾಗಾದರೆ ಒಂದು ಮರ ಹಿಡಿದವರು ಇನ್ನೊಂದಕ್ಕೆ ಹೋಗಬಾರದು. ಅಷ್ಟೇ ತಾನೆ?"

"ಏಳನೆಯದು ಎಲ್ಲಿ?"

ಸೋಮಲಿಂಗ ವಾಪಸ್ ಓಡಿದ. ಉದಿಮರದ ತುದಿಗೊಂಬೆಯಲ್ಲಿ, ಬೆನ್ನ ಮೇಲೆ ಬೂದಿ ಹೊತ್ತುಕೊಂಡೇ, ಏಳನೆಯದು ಎಲೆ ಮೇಯುತ್ತಿತ್ತು. ಅರ್ಧ ಎಲೆ ಖಾಲಿಯಾಗಿತ್ತು.

ಅವನು ಮೆಲ್ಲಗೆ ಹಿಂದಿರುಗಿದ. "ತಿಂತಾ ಇದೆ ಅಜ್ಜಾರೇ. ಈಗ ನನಗೆ ಏನೂ ತಿಳೀತಿಲ್ಲ. ಹೋಗಲೋ, ಇರಲೋ?"

ಅಜ್ಜ ಎದೆ ಸೆಟೆಸಿದರು. "ನನ್ನನ್ನ ನೋಡು. ಒಬ್ಬರೇ ಗುರು. ನಲವತ್ತು ವರ್ಷ ಅವರ ಕಾಲಬುಡ ಬಿಟ್ಟು ಕದಲಲಿಲ್ಲ. ಈ ಹೊಳೆ ದಾಟಿದವನಲ್ಲ ನಾನು."

ದೋಣಿಯಿಂದ ದುರುಗಪ್ಪ ಗಹಗಹಿಸಿ ನಕ್ಕ.

"ಥೂ, ಏನು ಸುಳ್ಳು ಹೇಳ್ತೀರಿ ಅಜ್ಜಾರೇ! ಆಚೆ ದಡದ ಮಠದಿಂದ ಒಂದು ಮುಂಜಾನೆ ಓಡಿ ಬಂದಿರಿ. ಗೋಗರೆದಿರಿ ಅಂತ ಈ ಕೈಯಾರೆ ದಾಟಿಸಿದವನು ನಾನು. ಅದಕ್ಕೂ ಮುಂಚೆ ಬೆಟ್ಟದ ಸ್ವಾಮಿಗಳ ಹತ್ತಿರ ಇದ್ದೆ ಅಂತ ದಾರಿಯುದ್ದಕ್ಕೂ ನೀವೇ ಕೊರೆದಿರಿ. ಈ ಆಶ್ರಮದ ಗುರುಗಳು ನಿಮಗೆ ಮೂರನೆಯವರು!"

ಸೋಮಲಿಂಗ ಒಂದು ಕಾಲು ನೀರಿನಲ್ಲಿಟ್ಟು ಅಜ್ಜನ ಮುಖ ನೋಡಿದ. 

"ನಿಜವಾ ಅಜ್ಜಾರೇ?"

ಅಜ್ಜ ಹೆಗಲು ಕೊಡವಿದರು.

"ಅವತ್ತೂ ಇವನ ದೋಣಿ ಸೋರ್ತಿತ್ತು ಕಣೋ. ಆದ್ರೆ ನಿನ್ನ ಏಳನೇ ಹುಳದ ಹಾಗೆ ನನಗೆ ಹಸಿವಾಗಿತ್ತು."